ಮರಕುಟಿಗ ತಲೆಯಾಡಿಸಿದ್ದು

ಒಂದು ಕಾಡಿನಲ್ಲಿ ಒಂದು ಗೊರವಂಕ ಹಕ್ಕಿ ಇತ್ತು. ಕಂಡಕಂಡವರಿಗೆಲ್ಲ ಮನೆ ಮಾಡಿಸಿಕೊಟ್ಟು, ಕೊನೆಗೆ ತನಗೇ ಮನೆಯಿಲ್ಲದೆ ಮಳೆಗೆ ಸಿಕ್ಕಿಕೊಂಡಿತು. ನಂಬೋದಿಲ್ಲ ಅಂತೀರಾ? ನಂಬಬೇಡಿ, ನೋಡೇಬಿಡೋಣ! ಕಥೆ ಮುಗಿದ ಮೇಲೂ ನಂಬದೆ ಕೂತವರು ಒಬ್ಬರಾದರೂ ಇದ್ದರೆ ನಾನು ಮೀಸೆ ಬೋಳಿಸ್ತೀನಿ. ಹಿಡಿಯೋಕೆ ಕೊಂಬೆಯೇ ಇಲ್ಲದ ಮತ್ತಿ ಮರವನ್ನು ಬರಿಗಾಲಲ್ಲಿ ಹತ್ತಿ, ಹಕ್ಕಿಯ ಪೊಟರೆಯೊಳಗೆ ಇಣುಕಿ ಬಂದವನು ನಮ್ಮೂರಲ್ಲಿ ನಾನೊಬ್ಬನೇ. ಯಾವ ಪೊಟರೆಯ ಬಾಯಿ ಯಾವ ದಿಕ್ಕಿಗಿದೆ, ಯಾಕೆ ಹಾಗಿದೆ, ಎಲ್ಲ ನನಗೆ ಗೊತ್ತು. ಗೊತ್ತಿಲ್ಲದವರು ಸುಮ್ಮನೆ ಕೇಳಿ.

ಆ ಕಾಡಿಗೆ ಒಂದು ಬೇಸಿಗೆಯಲ್ಲಿ ಒಂದು ಮರಕುಟಿಗ ಹೊಸದಾಗಿ ಬಂತು. ತಲೆಯ ಮೇಲೆ ಕೆಂಪು ಜುಟ್ಟು, ಉಳಿಯಂಥ ಕೊಕ್ಕು. ಮರದಲ್ಲಿ ಪೊಟರೆ ಕೊರೆಯುವುದೇ ಅದರ ಕಸುಬು. ಅದರ ಕೆಲಸಕ್ಕೆ ಒಂದು ಕ್ರಮ ಇತ್ತು. ಮೊದಲು ಮರವನ್ನು ಮೂರು ಸಲ ತಟ್ಟುತ್ತಿತ್ತು. ಆಮೇಲೆ ತೊಗಟೆಗೆ ಕಿವಿಯಿಟ್ಟು ಕೇಳುತ್ತಿತ್ತು. ಮರ ಸರಿಯಿಲ್ಲ ಅನ್ನಿಸಿದರೆ ಯಾರು ಎಷ್ಟೇ ಬೇಡಿಕೊಂಡರೂ ಕೊಕ್ಕು ಹಾಕುತ್ತಿರಲಿಲ್ಲ. ಪೊಟರೆಯ ಬಾಗಿಲನ್ನು ಮೂಡಣಕ್ಕೇ ಇಡುತ್ತಿತ್ತು, ಮಳೆಗಾಳಿ ಪಡುವಣದಿಂದ ಬರುತ್ತದಲ್ಲ! ಕೂಲಿ ಅಂದರೆ ಹೆಚ್ಚೇನಿಲ್ಲ, ಹುಳು ತುಂಬಿದ ಒಂದು ಒಣ ಕೊಂಬೆ ತೋರಿಸಿದರೆ ಸಾಕಾಗಿತ್ತು.

ಮೊದಲ ದಿನ ಮರಕುಟಿಗ ಒಂದು ಒಣಗಿದ ಅತ್ತಿ ಮರದಲ್ಲಿ ತನಗೇ ಒಂದು ಪೊಟರೆ ಕೊರೆದುಕೊಳ್ಳುತ್ತಿತ್ತು. ಟಕ ಟಕ ಟಕ! ಆ ಸದ್ದು ಕೇಳಿ ಗೊರವಂಕ ಹಾರಿ ಬಂತು. ಕಣ್ಣಿನ ಸುತ್ತ ಹಳದಿ ಪಟ್ಟಿ, ನಡಿಗೆಯಲ್ಲಿ ಪಟೇಲನ ಗತ್ತು. ಅದರ ಬಾಯಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ.

"ಏನ್ ಕೆಲಸ ಬಡಗಿಯಣ್ಣಾ! ಏನ್ ಕೈಚಳಕ! ಅಲ್ಲಲ್ಲ, ಕೊಕ್ಕಿನ ಚಳಕ!" ಅಂದಿತು ಗೊರವಂಕ. "ಆದರೆ ನೀನು ಹೊಸಬ. ಇಲ್ಲಿ ನಿನ್ನನ್ನು ಕೇಳೋರಿಲ್ಲ. ನನ್ನ ಮಾತು ಅಂದರೆ ಇಡೀ ಕಾಡು ಕಿವಿ ಕೊಡುತ್ತೆ. ನಿನಗೆ ಗಿರಾಕಿಗಳನ್ನು ನಾನು ಕಳಿಸ್ತೀನಿ. ಆಗಬಹುದಾ?"

ಟಕ ಟಕ ಟಕ. ಮರಕುಟಿಗದ ತಲೆ ಮೇಲೆ ಕೆಳಗೆ ಆಡಿತು.

"ಅದಕ್ಕೆ ನನಗೂ ಏನಾದರೂ ಆಗಬೇಕಲ್ಲ? ನನ್ನ ಹೆಂಡತಿ ಮೊಟ್ಟೆ ಇಡೋ ಹೊತ್ತು ಹತ್ತಿರ ಬಂತು. ಆ ದೊಡ್ಡ ಬೂರುಗದ ಮರದಲ್ಲಿ ನನಗೊಂದು ಪೊಟರೆ. ಎರಡು ಕೋಣೆಯದ್ದು. ಕೂಲಿ ಗೀಲಿ ಇಲ್ಲ. ಸರೀನಾ?"

ಟಕ ಟಕ ಟಕ ಟಕ. ತಲೆ ಮತ್ತೆ ಆಡಿತು.

ಗೊರವಂಕ ಎದೆಯುಬ್ಬಿಸಿಕೊಂಡು ಹೆಂಡತಿಯ ಹತ್ತಿರ ಹಾರಿತು. "ನೋಡೇ, ಬೂರುಗದ ಮರದಲ್ಲಿ ಎರಡು ಕೋಣೆ! ಪುಕ್ಕಟೆ!"

ಹೆಂಡತಿ ಗೊರವಂಕ ಕೇಳಿತು, "ಬಡಗಿಯಣ್ಣ ಬಾಯಿಬಿಟ್ಟು ಹೂಂ ಅಂದ್ರೇನ್ರೀ?"

"ಬಾಯಿ ಯಾಕೆ ಬಿಡಬೇಕು? ತಲೆಯಾಡಿಸಿದ. ಒಂದು ಸಲ ಅಲ್ಲ ಕಣೇ, ನೂರು ಸಲ ಆಡಿಸಿದ!"

"ಪುಕ್ಕಟೆಯದ್ದು ಬೇಡ ಕಣ್ರೀ. ಎಲ್ಲರ ಹಾಗೆ ನಾವೂ ಒಂದು ಹುಳದ ಕೊಂಬೆ ತೋರಿಸಿ ಮೊದಲು ಕೊರೆಸಿಕೊಂಡುಬಿಡೋಣ. ಆಕಾಶ ನೋಡಿದ್ರಾ? ಗಾಳಿ ತಿರುಗ್ತಾ ಇದೆ."

"ನಿನಗೆ ವ್ಯವಹಾರ ಗೊತ್ತಿಲ್ಲ, ಸುಮ್ನಿರು," ಅಂದಿತು ಗೊರವಂಕ. "ನಾವು ಕೊನೆಗೆ ಹೋದಷ್ಟೂ ಗಿರಾಕಿ ಹೆಚ್ಚಾಗಿರ್ತಾರೆ. ಗಿರಾಕಿ ಹೆಚ್ಚಾದಷ್ಟೂ ನಮ್ಮ ಕೋಣೆ ದೊಡ್ಡದಾಗುತ್ತೆ."

ಅಲ್ಲಿಂದ ಗೊರವಂಕ ಸೀದಾ ಗಿಳಿಯ ಹತ್ತಿರ ಹೋಯಿತು. ಗಿಳಿಗೆ ನಿಜವಾಗಿಯೂ ಮನೆ ಬೇಕಿತ್ತು.

"ಗಿಳಿಯಣ್ಣ, ಬಡಗಿ ಅಂದರೆ ಅವನು! ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ಮುಗೀತು. ಎರಡು ಬಾಗಿಲು ಇಟ್ಟುಕೊಡ್ತಾನೆ. ನನ್ನ ಹೆಸರು ಹೇಳು, ಸಾಕು. ಆಮೇಲೆ ಗೃಹಪ್ರವೇಶದ ದಿನ ದಾರಿಹಣ್ಣು ಮರೀಬೇಡ. ನನಗೆ ಮಾಗಿದ ಮಾವು. ಅರ್ಧ ಕುಕ್ಕಿದ್ದು ನಡೆಯೋದಿಲ್ಲ, ಪೂರ್ತಿ ಬೇಕು."

ಗಿಳಿಗೆ ಒಂದು ಥರಾ ಆಯಿತು. ದಾರಿಹಣ್ಣು ಅನ್ನೋದು ಆ ಕಾಡಿನ ಹಳೆಯ ಪದ್ಧತಿ. ಹೊಸ ಗೂಡು ಹೊಕ್ಕ ದಿನ ಒಳ್ಳೆಯ ಕೆಲಸಗಾರನ ದಾರಿ ತೋರಿಸಿದವರನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಕೈಲಾದ ಒಂದು ಹಣ್ಣು ಕೊಡುತ್ತಿದ್ದರು. ಕೊಡುವವರು ಮನಸ್ಸಿಂದ ಕೊಡುತ್ತಿದ್ದರು. ಇಂಥದ್ದೇ ಬೇಕು ಅಂತ ಮುಂಚೆಯೇ ಕೇಳಿದವರನ್ನು ಆ ಕಾಡು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ಗಿಳಿ ದಾಕ್ಷಿಣ್ಯಕ್ಕೆ, "ಆಗಲಪ್ಪ," ಅಂದಿತು.

ಆಮೇಲೆ ಗೊರವಂಕ ಅಳಿಲಿನ ಹತ್ತಿರ ಹೋಯಿತು. ಅಳಿಲಿಗೆ ಮನೆಯೇ ಬೇಕಿರಲಿಲ್ಲ. ನಾರು ಹುಲ್ಲು ಸೇರಿಸಿ ತಾನೇ ಕಟ್ಟಿಕೊಂಡ ಗೂಡಿನಲ್ಲಿ ಮೂರು ಮಳೆಗಾಲ ಬೆಚ್ಚಗೆ ಕಳೆದಿತ್ತು.

"ಅಯ್ಯೋ ಅಳಿಲಕ್ಕ, ಇದು ಗೂಡಾ? ಈ ಸಲದ ಮಳೆ ಹೆಂಗೆ ಬರ್ತಿದೆ ಗೊತ್ತಾ? ಮೊದಲ ಹನಿಗೇ ಇದು ಸೋರುತ್ತೆ. ಎರಡನೇ ಹನಿಗೆ ನೀನೇ ತೇಲ್ತೀಯ!"

ಅಳಿಲು ಹೆದರಿತು. ಬಾಲ ನಿಗುರಿಸಿಕೊಂಡು ಮರಕುಟಿಗದ ಹತ್ತಿರ ಓಡಿತು. ಹೀಗೇ ಗೊರವಂಕ ಬೇಕಾದವರನ್ನೂ ಕಳಿಸಿತು, ಬೇಡವಾದವರನ್ನೂ ಕಳಿಸಿತು. ಒಳ್ಳೊಳ್ಳೆಯ ಮರಗಳೆಲ್ಲ ಒಂದೊಂದಾಗಿ ಅವರ ಪಾಲಾದವು.

ಇತ್ತ ಮರಕುಟಿಗದ ಪಾಡು ಕೇಳಬೇಡಿ. ಗಿಳಿಯ ಪೊಟರೆ ಮುಗಿಯೋಕೆ ಆರು ದಿನ ಬೇಕಿತ್ತು. ಎರಡನೆಯ ದಿನವೇ ಗಿಳಿ ಕಿರುಚಾಡಿತು. "ಸಂಜೆಗೆ ಮುಗಿಯುತ್ತೆ ಅಂತ ಗೊರವಂಕ ಹೇಳ್ತು! ಎರಡನೇ ಬಾಗಿಲು ಎಲ್ಲಿ?"

ಮರಕುಟಿಗ ಕೊಕ್ಕು ಒರೆಸಿಕೊಂಡು ಹೇಳಿತು, "ಎರಡು ಬಾಗಿಲಿಟ್ಟರೆ ಒಂದರಲ್ಲಿ ಹಾವು ಬರುತ್ತೆ, ಇನ್ನೊಂದರಲ್ಲಿ ಮಳೆ ಬರುತ್ತೆ. ಇನ್ನು ಬೇಗ ಅಂದರೆ ನಾನು ಮರಕ್ಕೆ ಏನಂತ ಹೇಳಲಿ? ಗೊರವಂಕ ಹೇಳ್ತು, ಬೇಗ ಮೆತ್ತಗಾಗು ಅನ್ನಲಾ?"

ಬಂದವರೆಲ್ಲ ಇಂಥದ್ದೇ ಒಂದು ದೂರು ತಂದರು. ಮರಕುಟಿಗ ತಾನು ಹೇಳದ ಮಾತಿಗೆ ದಿನವೂ ಬೈಸಿಕೊಂಡಿತು. ಆದರೂ ಕೆಲಸ ಕೆಡಿಸಲಿಲ್ಲ. ಒಂದೊಂದು ಪೊಟರೆಯೂ ನುಣ್ಣಗೆ, ಬೆಚ್ಚಗೆ, ಅಳತೆಗೆ ಸರಿಯಾಗಿ ಬಂತು.

ಅಳಿಲಿನ ಗೃಹಪ್ರವೇಶದ ದಿನ ಎಲ್ಲರೂ ಸೇರಿದ್ದರು. ಗೊರವಂಕ ಹೆಂಡತಿಯನ್ನೂ ಕರೆದುಕೊಂಡು ಬಂತು. ಮರಕುಟಿಗ ಬಾಗಿಲಿನ ಅಂಚನ್ನು ಕೊನೆಯದಾಗಿ ನಯ ಮಾಡುತ್ತಿತ್ತು. ಗೊರವಂಕ ಎಲ್ಲರಿಗೂ ಕೇಳುವ ಹಾಗೆ ಕೂಗಿತು.

"ಬಡಗಿಯಣ್ಣ, ಇವರೆಲ್ಲ ಯಾರು ಕಳಿಸಿದ ಗಿರಾಕಿಗಳು? ನಾನು ಕಳಿಸಿದವರು! ನಾಳೆಯಿಂದ ನನ್ನ ಬೂರುಗದ ಪೊಟರೆ ಶುರುವಾಗಲಿ. ಈಗ ಎರಡು ಕೋಣೆ ಸಾಲದು, ಮೂರು ಮಾಡು."

ಮರಕುಟಿಗ ಕೊಕ್ಕು ಹೊರಗೆ ತೆಗೆಯಿತು. "ಯಾವ ಪೊಟರೆ?"

"ಮಾತು ಕೊಟ್ಟಿದ್ದೀಯಲ್ಲ! ಗಿರಾಕಿ ಕಳಿಸಿದರೆ ಪುಕ್ಕಟೆ ಕೊರೆದುಕೊಡ್ತೀನಿ ಅಂತ ತಲೆಯಾಡಿಸಲಿಲ್ವಾ?"

"ಯಾವಾಗ?"

"ಬಂದ ದಿನವೇ. ಆ ಅತ್ತಿ ಮರದಲ್ಲಿ ಕೊರೀತಾ ಇದ್ದೆಯಲ್ಲ, ಆಗ."

ಮರಕುಟಿಗ ಕೊಕ್ಕಿನ ಹುಡಿ ಕೊಡವಿಕೊಂಡಿತು. ಆಮೇಲೆ ಹೇಳಿತು, "ಅಪ್ಪಾ ಗೊರವಂಕ, ಕೊರೆಯೋವಾಗ ನನ್ನ ತಲೆ ಆಡದೆ ಇನ್ನೇನು ಬಾಲ ಆಡುತ್ತಾ? ಕೊಕ್ಕು ಮರದಲ್ಲಿದ್ದಾಗ ನನಗೆ ಮರದ ಸದ್ದು ಬಿಟ್ಟು ಬೇರೇನೂ ಕೇಳೋದಿಲ್ಲ."

"ಸುಳ್ಳು! ಚೆನ್ನಾಗಿ ಕೇಳಿಸಿಕೊಂಡೇ ತಲೆಯಾಡಿಸಿದ್ದೀಯ!"

ಅಳಿಲಿಗೆ ತಮಾಷೆ ಹತ್ತಿತು. "ನೋಡೇಬಿಡೋಣ. ಬಡಗಿಯಣ್ಣ, ನಿನ್ನ ಕೆಲಸ ಮುಂದುವರಿಸು," ಅಂದಿತು.

ಟಕ ಟಕ ಟಕ.

"ಬಡಗಿಯಣ್ಣ, ನಿನ್ನ ಕೆಂಪು ಜುಟ್ಟನ್ನು ನನಗೆ ಕೊಡ್ತೀಯಾ?"

ಟಕ ಟಕ ಟಕ. ತಲೆ ಮೇಲೆ ಕೆಳಗೆ ಆಡಿತು.

ಗಿಳಿಯೂ ಕೂಗಿತು, "ನಾಳೆ ನರಿಯ ಮನೆಗೆ ಊಟಕ್ಕೆ ಹೋಗ್ತೀಯಾ, ಒಬ್ಬನೇ?"

ಟಕ ಟಕ ಟಕ ಟಕ. ಆಗಲೂ ತಲೆ ಆಡಿತು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಳಿಲು ನಗುತ್ತಾ ಕೊಂಬೆಯಿಂದ ಜಾರಿ ಬಾಲದಲ್ಲಿ ನೇತಾಡಿತು. ಹೆಂಡತಿ ಗೊರವಂಕ ಮಾತ್ರ ನಗಲಿಲ್ಲ. ರೆಕ್ಕೆಯೊಳಗೆ ಮುಖ ಮುಚ್ಚಿಕೊಂಡಿತು.

ನಗುವೆಲ್ಲ ನಿಂತ ಮೇಲೆ ಗಿಳಿ ಹೇಳಿತು, "ಗೊರವಂಕಣ್ಣ, ನೀನು ಕೇಳದೆ ಇದ್ದಿದ್ದರೆ ನಿನಗೆ ಒಳ್ಳೇ ಮಾವನ್ನೇ ಕೊಡ್ತಿದ್ದೆ. ನೀನು ಬಾಯಿಬಿಟ್ಟು ಕೇಳಿದೆ ನೋಡು, ಆವತ್ತೇ ನನಗೆ ಕೊಡೋ ಮನಸ್ಸು ಹೋಯ್ತು. ನನ್ನ ಒಳ್ಳೇದಕ್ಕೆ ಹೇಳ್ತಿದ್ದೀಯೋ ಮಾವಿನ ಆಸೆಗೆ ಹೇಳ್ತಿದ್ದೀಯೋ ನನಗೆ ಹೇಗೆ ಗೊತ್ತಾಗಬೇಕು?"

"ನನ್ನ ಹಳೇ ಗೂಡು ಸೋರುತ್ತಿರಲಿಲ್ಲ," ಅಂದಿತು ಅಳಿಲು. "ಆದರೆ ನೀನು ಹೆದರಿಸಿದೆ ಅಂತ ನಾನೇ ಕಿತ್ತು ಹಾಕಿದೆ."

ಮರಕುಟಿಗ ಜಗಳ ಬೆಳೆಸಲಿಲ್ಲ. "ನೀನು ಗಿರಾಕಿ ಕಳಿಸಿದ್ದು ಸಂತೋಷವೇ. ಜೊತೆಗೆ ಸುಳ್ಳನ್ನೂ ಕಳಿಸಿದೆ, ಅದು ಕಷ್ಟವಾಯ್ತು. ಹೋಗಲಿ ಬಿಡು. ಹಳ್ಳದ ದಡದಲ್ಲಿ ಒಂದು ನೇರಳೆ ಮರ ಇದೆ. ಉಳಿದಿರೋ ಒಳ್ಳೇ ಮರ ಅದೊಂದೇ. ಎಲ್ಲರ ಹಾಗೆ ಒಂದು ಹುಳದ ಕೊಂಬೆ ತೋರಿಸು, ನಾಳೆಯೇ ಶುರು ಮಾಡ್ತೀನಿ."

"ಕೊಂಬೆ ತೋರಿಸಬೇಕಾ? ನಾನಾ?" ಅಂತ ಗೊರವಂಕ ಸಿಟ್ಟಿನಿಂದ ಹಾರಿಹೋಯಿತು.

ಮುಂದೆ ನಾಲ್ಕು ದಿನ ಗೊರವಂಕ ಯಾರ ಜೊತೆಗೂ ಮಾತಾಡಲಿಲ್ಲ. ಹೆಂಡತಿ ದಿನಾ ಹೇಳಿತು, "ಹೋಗಿ ಬನ್ರೀ. ಇನ್ನು ನನಗೆ ತಡೆಯೋಕಾಗಲ್ಲ. ಬಯಲಲ್ಲಿ ಮೊಟ್ಟೆ ಇಟ್ಟರೆ ಕಾಗೆ ಬಿಡುತ್ತಾ, ಹಾವು ಬಿಡುತ್ತಾ, ಮಳೆ ಬಿಡುತ್ತಾ?"

ಗೊರವಂಕ ಮುಖ ತಿರುಗಿಸಿ ಕೂತಿತು. ಹೋಗಬೇಕು ಅಂತ ಅದಕ್ಕೂ ಗೊತ್ತಿತ್ತು. ಆದರೆ ಕೂಗಾಡಿ ಬಂದ ಕಡೆಗೇ ಕೊಂಬೆ ಹಿಡಿದು ಹೋಗೋದು ಹೇಗೆ?

ಐದನೆಯ ದಿನ ಬೆಳಿಗ್ಗೆ ಒಂದು ಚಂದ್ರಮುಕುಟ ಹಕ್ಕಿ ಹಾರಿ ಬಂತು. ತಲೆಯ ಮೇಲೆ ಬೀಸಣಿಗೆಯಂಥ ಕಿರೀಟ, ಆದರೆ ಗರಿಯೆಲ್ಲ ಮಸಿ. ಅದಿದ್ದ ಕಾಡಿಗೆ ಬೆಂಕಿ ಬಿದ್ದಿತ್ತು.

"ಅಣ್ಣಾ, ಈ ಕಾಡಿನಲ್ಲಿ ಪೊಟರೆ ಕೊರೆಯೋರು ಯಾರಾದರೂ ಇದ್ದಾರಾ? ನನ್ನ ಗೂಡು ಸುಟ್ಟುಹೋಯ್ತು. ನಾನೂ ಮೊಟ್ಟೆ ಇಡೋಳು."

ಗೊರವಂಕ ಬಾಯಿ ತೆರೆಯಿತು. ಅಭ್ಯಾಸ ನೋಡಿ, ಮಾಗಿದ ಹಣ್ಣಿನ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು! ಅಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಡತಿಯ ಮುಖ ಕಂಡಿತು. ಬಂದ ಹಕ್ಕಿಯ ಮುಖದಲ್ಲೂ ಅದೇ ಭಯ ಇತ್ತು. ಗೊರವಂಕ ಆ ಮಾತನ್ನು ನುಂಗಿಕೊಂಡಿತು.

"ಇದ್ದಾನಮ್ಮ," ಅಂದಿತು. "ಹಳ್ಳದ ಕಡೆ ಹೋಗು, ಕೆಂಪು ಜುಟ್ಟಿನ ಮರಕುಟಿಗ. ಕೆಲಸ ನಿಧಾನ. ಮೂರು ಸಲ ತಟ್ಟಿ ನೋಡ್ತಾನೆ. ಮರ ಬೇಡ ಅಂದರೆ ಬೇಡ, ವಾದ ಮಾಡಬೇಡ. ಕೊರೆಯೋವಾಗ ಮಾತಾಡಿಸಬೇಡ, ಅವನಿಗೆ ಕೇಳೋದಿಲ್ಲ. ಆದರೆ ಅವನು ಕೊರೆದ ಪೊಟರೆ ಸೋರೋದಿಲ್ಲ. ನಾನು ಕಣ್ಣಾರೆ ನೋಡಿದ್ದೀನಿ."

"ನಿನ್ನ ಹೆಸರು ಹೇಳಲಾ ಅಣ್ಣ?"

"ಬೇಡಮ್ಮ. ನನ್ನ ಹೆಸರಿಗೆ ಅಲ್ಲಿ ಬೆಲೆ ಇಲ್ಲ. ಹುಳದ ಕೊಂಬೆ ಒಂದು ತೋರಿಸು, ಸಾಕು."

ಚಂದ್ರಮುಕುಟ ಹಾರಿಹೋಯಿತು. ಹೆಂಡತಿ ಗೊರವಂಕ ಗಂಡನ ಪಕ್ಕಕ್ಕೆ ಸರಿದು ಕೂತಿತು. "ಎಷ್ಟು ಚೆನ್ನಾಗಿ ಹೇಳಿದ್ರಿ!" ಅಂದಿತು. ಆ ಒಂದು ಮಾತಿಗೆ ಗೊರವಂಕದ ಬಿಗುಮಾನ ಇಳಿದುಹೋಯಿತು. ಆವತ್ತೆಲ್ಲ ಅಲೆದು ಹುಳು ತುಂಬಿದ ಒಂದು ಒಣ ಕೊಂಬೆಯನ್ನು ಹುಡುಕಿಟ್ಟಿತು.

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಹಳ್ಳದ ದಡಕ್ಕೆ ಹೋದರು. ಹೋಗಿ ನೋಡಿದರೆ ನೇರಳೆ ಮರದಲ್ಲಿ ಆಗಲೇ ಕೆಲಸ ಶುರುವಾಗಿತ್ತು. ಕೆಳಗಿನ ಕೊಂಬೆಯಲ್ಲಿ ಚಂದ್ರಮುಕುಟ ಕೂತಿತ್ತು. ನೋಡಿದ್ರಾ? ಕೊನೆಯ ಒಳ್ಳೇ ಮರಕ್ಕೂ ಗೊರವಂಕವೇ ಗಿರಾಕಿ ಕಳಿಸಿತ್ತು!

ಗೊರವಂಕ ಈ ಸಲ ಕೂಗಲಿಲ್ಲ. ಕೊಕ್ಕು ಮರದಿಂದ ಹೊರಗೆ ಬರುವವರೆಗೂ ಕಾಯಿತು. ಆಮೇಲೆ ಮೆಲ್ಲಗೆ ಹೇಳಿತು, "ಬಡಗಿಯಣ್ಣ, ಹುಳದ ಕೊಂಬೆ ನೋಡಿಟ್ಟಿದ್ದೀನಿ. ಬೇರೆ ಮರ ಯಾವುದಾದರೂ ಇದೆಯಾ? ಆ ಬೂರುಗ?"

ಮರಕುಟಿಗ ಹಾರಿಹೋಗಿ ಬೂರುಗವನ್ನು ಮೂರು ಸಲ ತಟ್ಟಿತು. ಕಿವಿಯಿಟ್ಟು ಕೇಳಿತು. ತಿರುಗಿ ಬಂದು, "ಆಗೋದಿಲ್ಲ. ಹೊರಗೆ ಮೈತುಂಬಿ ನಿಂತಿದೆ, ಒಳಗೆಲ್ಲ ಗೆದ್ದಲು. ಉಳಿದವೆಲ್ಲ ಹಸಿ ಮರ," ಅಂದಿತು.

ಆಗ ಹೆಂಡತಿ ಗೊರವಂಕಕ್ಕೆ ಅಳು ತಡೆಯಲಾಗಲಿಲ್ಲ. ಪಡುವಣದಲ್ಲಿ ಮೋಡ ಕಪ್ಪಗೆ ಎದ್ದಿತ್ತು. ಮಧ್ಯಾಹ್ನವೇ ಕಾಡು ಕತ್ತಲಾಯಿತು. ಗಾಳಿ ಎದ್ದಿತು. ಮೊದಲ ಹನಿ ಗೊರವಂಕದ ನೆತ್ತಿಯ ಮೇಲೇ ಬಿತ್ತು.

ಮರಕುಟಿಗ ಮುಗಿಲು ನೋಡಿತು. ಅಳುತ್ತಿದ್ದ ಹೆಂಡತಿ ಗೊರವಂಕವನ್ನು ನೋಡಿತು. ಆಮೇಲೆ, "ನಡೀರಿ," ಅಂದಿತು.

ಅದು ಅವರನ್ನು ಒಣಗಿದ ಅತ್ತಿ ಮರಕ್ಕೆ ಕರೆದುಕೊಂಡು ಹೋಯಿತು. ಅಲ್ಲಿದ್ದದ್ದು ಮರಕುಟಿಗದ ಸ್ವಂತ ಪೊಟರೆ. ಮೊದಲ ದಿನ ತಲೆಯಾಡಿಸುತ್ತಾ ಕೊರೆದಿತ್ತಲ್ಲ, ಅದೇ.

"ಒಳಗೆ ಹೋಗಮ್ಮ," ಅಂದಿತು ಮರಕುಟಿಗ.

"ಮತ್ತೆ ನೀನು?" ಅಂತ ಗೊರವಂಕ ಕೇಳಿತು.

"ನಾನು ಒಬ್ಬಂಟಿ. ಯಾವುದಾದರೂ ತೊಗಟೆಯ ಮರೆಯಲ್ಲಿ ಇರ್ತೀನಿ. ಮಳೆ ನಿಂತ ಮೇಲೆ ಇನ್ನೊಂದು ಕೊರೆದುಕೊಳ್ಳೋಕೆ ಕೊಕ್ಕು ನನ್ನ ಹತ್ತಿರವೇ ಇದೆಯಲ್ಲ! ಹಾಂ, ಹಳದಿ ಕಣ್ಣುಪಟ್ಟಿಯ ಹಕ್ಕಿಯೊಂದು ದಾರಿ ತೋರಿಸಿತು ಅಂತು ಆ ಚಂದ್ರಮುಕುಟ. ಅದಕ್ಕೆ ನನ್ನ ಬಗ್ಗೆ ಏನು ಹೇಳಿ ಕಳಿಸಿದೆ? ಇಷ್ಟು ದಿನದಲ್ಲಿ ದೂರಿಲ್ಲದೆ ಬಂದ ಗಿರಾಕಿ ಅದೊಂದೇ."

"ಇದ್ದದ್ದು ಹೇಳಿದೆ, ಅಷ್ಟೇ," ಅಂದಿತು ಗೊರವಂಕ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಿತು, "ಹಾಗಾದರೆ ಈ ಪೊಟರೆ ಇದ್ದದ್ದು ಹೇಳಿದ್ದಕ್ಕೆ ಕೊಟ್ಟಿದ್ದಾ?"

"ಅಲ್ಲ. ಇದು ಮೊಟ್ಟೆಗೆ ಕೊಟ್ಟಿದ್ದು. ಬಾಯಿ ಮುಚ್ಚಿಕೊಂಡು ಒಳಗೆ ಹೋಗು."

"ನಿಜವಾಗಲೂ ನಮಗಾ ಬಡಗಿಯಣ್ಣ?"

ಮರಕುಟಿಗ ತಲೆಯಾಡಿಸಿತು. ಈ ಸಲ ಅದರ ಕೊಕ್ಕು ಮರದಲ್ಲಿರಲಿಲ್ಲ.

ಅವರು ಒಳಗೆ ಹೊಕ್ಕರೋ ಇಲ್ಲವೋ, ಮಳೆ ಸುರಿಯಿತು ನೋಡಿ! ಹಳ್ಳ ಉಕ್ಕಿತು. ಗಾಳಿ ಕಾಡನ್ನು ಹಿಡಿದು ಅಲುಗಾಡಿಸಿತು. ಎಲ್ಲೋ ಒಂದು ಕಡೆ ನೆಲ ನಡುಗುವ ಹಾಗೆ ಸದ್ದಾಯಿತು. ಗೊರವಂಕ ಬಾಗಿಲಿಂದ ಇಣುಕಿ ನೋಡಿತು. ಆ ದೊಡ್ಡ ಬೂರುಗದ ಮರ ಬುಡ ಸಮೇತ ಉರುಳಿ ಬಿದ್ದಿತ್ತು.

"ಏನ್ರೀ ಅದು ಸದ್ದು?" ಅಂತ ಒಳಗಿಂದ ಹೆಂಡತಿ ಕೇಳಿತು.

ಗೊರವಂಕ ತಲೆಯನ್ನು ಒಳಗೆಳೆದುಕೊಂಡಿತು. ಆಮೇಲೆ ಉಸಿರು ಬಿಟ್ಟು ಹೇಳಿತು, "ನಮ್ಮ ಮೂರು ಕೋಣೆಯ ಮನೆ ಕಣೇ."

ಇಬ್ಬರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಮೂಡಣದ ಬಾಗಿಲು, ಒಂದು ಹನಿಯೂ ಒಳಗೆ ಬರಲಿಲ್ಲ. ಆ ಮಳೆ ಹೊಡೆಯುತ್ತಿರುವಾಗಲೇ ಹೆಂಡತಿ ಗೊರವಂಕ ನಾಲ್ಕು ತಿಳಿನೀಲಿ ಮೊಟ್ಟೆಗಳಲ್ಲಿ ಮೊದಲನೆಯದನ್ನು ಇಟ್ಟಿತು.

ಮಳೆ ಹೊಳವಾದ ಮೇಲೆ ನೇರಳೆ ಮರದ ಪೊಟರೆಯೂ ಮುಗಿಯಿತು. ಚಂದ್ರಮುಕುಟ ಗೂಡು ಹೊಕ್ಕ ದಿನ ಗೊರವಂಕ ಕರೆಗಾಗಿ ಕಾಯಲಿಲ್ಲ. ತನ್ನ ಪಾಡಿಗೆ ತಾನು ಗೂಡಿಗೆ ಹುಲ್ಲು ಒಯ್ಯುತ್ತಿತ್ತು. ಚಂದ್ರಮುಕುಟವೇ ಹುಡುಕಿಕೊಂಡು ಬಂತು. "ಅಣ್ಣ, ದಾರಿಹಣ್ಣು," ಅಂತ ಕೊಕ್ಕಿನಲ್ಲಿದ್ದುದನ್ನು ಬಾಗಿಲಲ್ಲಿ ಇಟ್ಟಿತು. ಬಾಯಿಬಡಕ ಗೊರವಂಕ ಸುಮ್ಮನೆ ತಲೆಯಾಡಿಸಿತು.

ಹೀಗೆ, ಮೂರು ಕೋಣೆ ಕೇಳಿದ ಗೊರವಂಕಕ್ಕೆ ಕೊನೆಗೆ ಸಿಕ್ಕಿದ್ದು ಇಷ್ಟು: ಇನ್ನೊಬ್ಬರು ಬಿಟ್ಟುಕೊಟ್ಟ ಒಂದೇ ಕೋಣೆಯ ಹಳೇ ಪೊಟರೆ, ಮತ್ತು ಕೇಳದೆ ಬಂದ ಒಂದು ನೇರಳೆ ಹಣ್ಣು.

ನೀತಿ: ಒಳ್ಳೆಯ ಕೆಲಸಗಾರನನ್ನು ಸ್ನೇಹಿತರಿಗೆ ತೋರಿಸುವಾಗ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅದಕ್ಕೆ ಪ್ರತಿಫಲವನ್ನು ಕೇಳಿ ಪಡೆಯಬಾರದು, ತಾನಾಗಿ ಬಂದರೆ ಸಂತೋಷದಿಂದ ತೆಗೆದುಕೊಳ್ಳಬೇಕು.